ಬೇಟೆಗೂ ಒಂದು ಪಂಚಾಂಗ

ಕಳೆದ ಕಾರ್ತಿಕ ಮಾಸದ ಒಂದು ಮುಂಜಾನೆ, ನ್ಯಾಯಾಲಯದ ಜಗಲಿಯಲ್ಲಿ ನನ್ನ ಕಕ್ಷಿದಾರರೊಬ್ಬರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ಅವರು ತಾಳವಾಡಿ ಸೀಮೆಯ ಕಾಡಂಚಿನ ರೈತರು. ಅವರ ಮಗ ಕನ್ನಡ ಮಾಧ್ಯಮದ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾನೆ. ರಾಗಿ ಹೊಲಕ್ಕೆ ನುಗ್ಗುವ ಕಾಡುಹಂದಿಗಳ ಕಾಟವನ್ನು ತಾಳಲಾರದೆ ಅವರು ಬೇಲಿಯ ಸಂದಿಯಲ್ಲಿ ಬೈಕಿನ ಕ್ಲಚ್ ತಂತಿಯಿಂದ ಮಾಡಿದ ಉರುಲೊಂದನ್ನು ಇರಿಸಿದ್ದರು. ಹಂದಿ ಬೀಳಲಿಲ್ಲ, ಚುಕ್ಕೆ ಜಿಂಕೆಯೊಂದು ಸಿಕ್ಕಿ ಸತ್ತಿತು. ಬೆಳಗಾಗುವುದರೊಳಗೆ ಅರಣ್ಯ ಇಲಾಖೆಯ ಸಿಬ್ಬಂದಿ ಬಂದರು. ಸೆರೆಮನೆಯಲ್ಲಿ ಕೆಲವು ದಿನ ಕಳೆದು ಜಾಮೀನಿನ ಮೇಲೆ ಹೊರಬಂದ ಆ ಮನುಷ್ಯ ಕೇಳಿದ್ದು ಇಷ್ಟೇ:

“ಸ್ವಾಮಿ, ಅಮೆರಿಕಾದಲ್ಲಿ ಜಿಂಕ ಬ್ಯಾಟೆಗ ಇಸ್ಕೂಲಿಗೇ ರಜ ಕೊಟ್ಟರಂತ. ನಮ್ಮ ಹೈದ ಫೋನ್‌ಲಿ ತೋರಿಸ್ದ. ನಮ್ಗ ಮಾತ್ರ ಯಾಕ ಜೈಲು?”

ಹುಡುಗ ಹೇಳಿದ್ದು ಸುಳ್ಳಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಜಿಂಕೆ ಬೇಟೆ ಆರಂಭವಾದಾಗ ಹಲವು ಶಾಲೆಗಳು ಬಾಗಿಲು ಮುಚ್ಚುವ ರೂಢಿ ಬಹುಕಾಲದಿಂದ ಇದೆ. “ಅಲ್ಲಿಯ ಕಾನೂನು ಬೇರೆ, ಇಲ್ಲಿಯದು ಬೇರೆ” ಎಂದು ಉತ್ತರಿಸಿ ನಾನು ಒಳನಡೆದೆ. ಆ ಉತ್ತರ ತಪ್ಪಾಗಿರಲಿಲ್ಲ. ಆದರೆ ಒಬ್ಬ ತಂದೆಯ ಪ್ರಶ್ನೆಗೆ ಅದು ಸಾಲದು ಎಂಬುದು ನನಗೆ ಅಂದೇ ಗೊತ್ತಿತ್ತು. ಅಂದು ನಾನು ಕೊಡಬೇಕಾಗಿದ್ದ ಉತ್ತರವೇ ಈ ಲೇಖನ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ; ಹೆಸರು, ಊರು ಬೇಡ.

ಹಗಲು ಕುಗ್ಗುವಾಗ

ಅಮೆರಿಕದ ಬೇಟೆಯನ್ನು ಅರಿಯಬೇಕಾದರೆ ಮೊದಲು ಅಲ್ಲಿಯ ಜಿಂಕೆಯನ್ನು ಅರಿಯಬೇಕು. ಕೆನಡಾದ ದಕ್ಷಿಣ ಭಾಗದಿಂದ ದಕ್ಷಿಣ ಅಮೆರಿಕದ ಉತ್ತರ ಭಾಗದವರೆಗೆ ಹಬ್ಬಿರುವ ಈ ಪ್ರಾಣಿಯನ್ನು ಬಿಳಿಬಾಲದ ಜಿಂಕೆ ಎಂದು ಕರೆಯುತ್ತಾರೆ. ಅಪಾಯ ಕಂಡೊಡನೆ ಅದು ಬಾಲವನ್ನು ಮೇಲೆತ್ತಿ, ಅದರಡಿಯ ಬಿಳಿಯನ್ನು ಬಾವುಟದಂತೆ ಬೀಸುತ್ತ ಓಡುತ್ತದೆ. ನಮ್ಮ ಚುಕ್ಕೆ ಜಿಂಕೆಯಂತೆ ದೊಡ್ಡ ಹಿಂಡು ಕಟ್ಟುವುದಿಲ್ಲ; ಪೊದೆ, ತೋಪು, ಹೊಲದಂಚುಗಳಲ್ಲಿ ಒಂಟಿಯಾಗಿಯೋ ಸಣ್ಣ ಗುಂಪುಗಳಲ್ಲಿಯೋ ಅಡಗಿ ಬದುಕುತ್ತದೆ.

ಬೇಸಗೆಯಲ್ಲಿ ಗಂಡು ಜಿಂಕೆಗಳು ಸ್ನೇಹಿತರಂತೆ ಜೊತೆಗೂಡಿ ಮೇಯುತ್ತವೆ. ಆಗ ಅವುಗಳ ಕೊಂಬು ಇನ್ನೂ ಬೆಳೆಯುತ್ತಿರುತ್ತದೆ. ಮೇಲೆ ಮಖಮಲ್ಲಿನಂಥ ತೊಗಲು, ಅದರೊಳಗೆ ಹರಿಯುವ ರಕ್ತ. ತಾಕಿದರೆ ನೋವಾಗುವುದರಿಂದ ಕಾದಾಟದ ಮಾತೇ ಇಲ್ಲ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಹೊತ್ತಿಗೆ ಈ ಎಳೆತೊಗಲು ಒಣಗಿ ಸುಲಿದುಹೋಗುತ್ತದೆ. ಒಳಗಿನ ಗಟ್ಟಿ ಮೂಳೆಯ ಕೊಂಬು ಹೊರಬರುತ್ತದೆ. ಅಲ್ಲಿಂದ ಸ್ನೇಹಕ್ಕೆ ಕಾಲ ಮುಗಿಯಿತು.

ಈ ಬದಲಾವಣೆಗೆ ಕಾರಣ ಚಳಿಯೆಂದು ಹಲವರು ಭಾವಿಸುತ್ತಾರೆ. ಚಳಿಯಲ್ಲ, ಬೆಳಕು. ಹಗಲು ದಿನದಿನಕ್ಕೆ ಕಿರಿದಾಗುವುದನ್ನು ಕಣ್ಣು ಗ್ರಹಿಸುತ್ತದೆ. ಮಿದುಳಿನಲ್ಲಿರುವ ಪೀನಿಯಲ್ ಗ್ರಂಥಿ ಇರುಳಿನ ಉದ್ದಕ್ಕೆ ತಕ್ಕಂತೆ ಮೆಲಟೋನಿನ್ ಸ್ರವಿಸುತ್ತದೆ. ಅದನ್ನನುಸರಿಸಿ ಗಂಡಿನ ದೇಹದಲ್ಲಿ ಟೆಸ್ಟೊಸ್ಟೆರಾನ್ ಏರುತ್ತದೆ. ಕುತ್ತಿಗೆ ದಪ್ಪವಾಗುತ್ತದೆ, ನಡಿಗೆ ಬದಲಾಗುತ್ತದೆ. ಚಳಿ ಒಂದು ವರ್ಷ ಬೇಗ ಬರಬಹುದು, ಒಂದು ವರ್ಷ ತಡವಾಗಬಹುದು. ಸೂರ್ಯನ ಲೆಕ್ಕ ಮಾತ್ರ ತಪ್ಪುವುದಿಲ್ಲ. ಆದುದರಿಂದ ಉತ್ತರದ ರಾಜ್ಯಗಳಲ್ಲಿ ಬೆದೆಗಾಲದ ತುದಿ ಪ್ರತಿವರ್ಷವೂ ನವೆಂಬರ್ ನಡುವಿನ ಆಸುಪಾಸಿನಲ್ಲೇ ಬೀಳುತ್ತದೆ.

ಪ್ರಕೃತಿ ಇಷ್ಟು ಕಟ್ಟುನಿಟ್ಟಾಗಿರುವುದೇಕೆ? ಹೆಣ್ಣು ಜಿಂಕೆಯ ಗರ್ಭಾವಧಿ ಸುಮಾರು 200 ದಿನ. ನವೆಂಬರಿನಲ್ಲಿ ಗರ್ಭ ನಿಂತರೆ ಮರಿ ಹುಟ್ಟುವುದು ಮೇ ಕೊನೆ ಅಥವಾ ಜೂನ್ ತಿಂಗಳಲ್ಲಿ. ಆಗ ನೆಲವೆಲ್ಲ ಹಸುರು. ತಾಯಿಗೆ ಮೇವು, ಮರಿಗೆ ಹಾಲು, ಅಡಗಲು ಎತ್ತರದ ಹುಲ್ಲು. ಎರಡು ತಿಂಗಳು ಮೊದಲು ಹುಟ್ಟಿದರೆ ಹಿಮ ಕೊಲ್ಲುತ್ತದೆ. ಎರಡು ತಿಂಗಳು ತಡವಾಗಿ ಹುಟ್ಟಿದರೆ ಮುಂದಿನ ಚಳಿಗಾಲಕ್ಕೆ ಮೈಯಲ್ಲಿ ಕೊಬ್ಬು ಕೂಡುವುದಿಲ್ಲ. ಮರಿಯ ಹುಟ್ಟಿಗೆ ನಿಶ್ಚಿತವಾದ ಮುಹೂರ್ತವಿರುವುದರಿಂದಲೇ ತಂದೆತಾಯಿಗಳ ಕೂಟಕ್ಕೂ ಮುಹೂರ್ತವಿದೆ.

ಮರ ಓದುವುದು, ಮಣ್ಣು ಓದುವುದು

ಅಕ್ಟೋಬರ್ ತಿಂಗಳಿನ ಕಾಡಿನಲ್ಲಿ ಗಂಡು ಜಿಂಕೆ ಎರಡು ಬಗೆಯ ಗುರುತು ಬಿಡುತ್ತದೆ. ಮೊದಲನೆಯದು, ಎಳೆಮರದ ಕಾಂಡಕ್ಕೆ ಕೊಂಬು ತಿಕ್ಕಿ ತೊಗಟೆ ಸುಲಿದ ಗಾಯ. ಹಣೆಯ ಗ್ರಂಥಿಗಳ ವಾಸನೆ ಅಲ್ಲಿ ಅಂಟಿಕೊಳ್ಳುತ್ತದೆ. ಎರಡನೆಯದು, ಬಾಗಿದ ಕೊಂಬೆಯೊಂದರ ಕೆಳಗೆ ಗೊರಸಿನಿಂದ ಕೆದರಿದ ನೆಲ. ಜಿಂಕೆ ತಲೆಯ ಮೇಲಿನ ಆ ಕೊಂಬೆಯನ್ನು ಕಚ್ಚಿ, ನೆಕ್ಕಿ, ಮುಖ ಒರೆಸಿ, ಬಳಿಕ ಹಿಂಗಾಲುಗಳ ಒಳಬದಿಯ ಗ್ರಂಥಿಗಳ ಮೇಲಿಂದ ಹರಿಯುವಂತೆ ಆ ಮಣ್ಣಿನಲ್ಲಿ ಮೂತ್ರ ಬಿಡುತ್ತದೆ. ನಮ್ಮ ಊರುಗಳಲ್ಲಿ ಚಾವಡಿಯ ಗೋಡೆಗೆ ಅಂಟಿಸುವ ಪ್ರಕಟಣೆಯಿದ್ದಂತೆ ಇದು: ಯಾರು ಬಂದಿದ್ದರು, ಎಂದು ಬಂದಿದ್ದರು, ಎಷ್ಟು ಬಲಶಾಲಿ ಎಂಬುದನ್ನೆಲ್ಲ ಮುಂದೆ ಬರುವ ಜಿಂಕೆ ಮೂಗಿನಿಂದ ಓದಿಕೊಳ್ಳುತ್ತದೆ.

ಹೆಣ್ಣು ಬೆದೆಗೆ ಬರುವುದು ಒಂದು ದಿನ, ಹೆಚ್ಚೆಂದರೆ ಎರಡು ದಿನ. ಆಗ ಗರ್ಭ ನಿಲ್ಲದಿದ್ದರೆ ಸುಮಾರು 28 ದಿನಗಳ ಅನಂತರ ಮತ್ತೊಮ್ಮೆ ಬರುತ್ತದೆ. ಇಷ್ಟು ಕಿರಿದಾದ ಅವಕಾಶವನ್ನು ತಪ್ಪಿಸಿಕೊಳ್ಳಬಾರದೆಂದು ಗಂಡು ಹಗಲಿರುಳು ಅಲೆಯುತ್ತದೆ, ಮೇವು ಮರೆಯುತ್ತದೆ. ಹೆಣ್ಣಿನ ಮೂತ್ರದ ವಾಸನೆ ಹಿಡಿದು, ತುಟಿಯನ್ನು ಮೇಲಕ್ಕೆ ಮಡಿಚಿ, ಬಾಯಿಯ ಮೇಲ್ಭಾಗದ ವಿಶೇಷ ಅಂಗದಿಂದ ಅದನ್ನು ಪರೀಕ್ಷಿಸುತ್ತದೆ. ನಮ್ಮ ಹೋರಿ, ಟಗರುಗಳು ಮಾಡುವುದೂ ಇದನ್ನೇ. ಬೆದೆಗೆ ಬಂದ ಹೆಣ್ಣು ದೊರೆತರೆ ಒಂದೆರಡು ದಿನ ಅದರ ಬೆನ್ನು ಬಿಡದೆ ಕಾಯುತ್ತದೆ. ಅನಂತರ ಮತ್ತೊಂದನ್ನು ಅರಸುತ್ತದೆ. ಇದೆಲ್ಲ ಮುಗಿಯುವ ಹೊತ್ತಿಗೆ ಅದು ದೇಹತೂಕದ ಐದನೆಯ ಒಂದು ಭಾಗದಷ್ಟನ್ನು, ಕೆಲವೊಮ್ಮೆ ಇನ್ನೂ ಹೆಚ್ಚನ್ನು ಕಳೆದುಕೊಂಡಿರುತ್ತದೆ. ಕಾದಾಡುವಾಗ ಎರಡು ಗಂಡುಗಳ ಕೊಂಬುಗಳು ಬಿಡಿಸಲಾರದಂತೆ ಸಿಕ್ಕಿಕೊಂಡು ಎರಡೂ ಸಾಯುವುದುಂಟು. ಅಮೆರಿಕದ ರಸ್ತೆಗಳಲ್ಲಿ ಜಿಂಕೆಗಳು ವಾಹನಕ್ಕೆ ಅಡ್ಡ ಬರುವ ಅಪಘಾತಗಳು ವರ್ಷದಲ್ಲೇ ಅತಿ ಹೆಚ್ಚಾಗುವ ತಿಂಗಳೂ ನವೆಂಬರೇ.

ಒಟ್ಟಿನಲ್ಲಿ, ಹತ್ತು ತಿಂಗಳು ನೆರಳಿನಂತೆ ಅಡಗಿದ್ದ ಪ್ರಾಣಿ ಈ ಕೆಲವು ವಾರ ತನ್ನ ಎಚ್ಚರವನ್ನು ತಾನೇ ಒತ್ತೆಯಿಟ್ಟಿರುತ್ತದೆ. ಬೇಟೆಗಾರನ ತಂತ್ರವೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಗಾಳಿಯ ಲೆಕ್ಕ, ಕಾಯುವ ವಿದ್ಯೆ

ಬಿಳಿಬಾಲದ ಜಿಂಕೆಯ ಬೇಟೆಯೆಂದರೆ ಬೆನ್ನಟ್ಟುವುದಲ್ಲ, ಕಾಯುವುದು. ಬೇಟೆಗಾರ ಮರದ ಮೇಲೆ ಹದಿನೈದಿಪ್ಪತ್ತು ಅಡಿ ಎತ್ತರದಲ್ಲಿ ಸಣ್ಣ ಅಟ್ಟಣೆ ಕಟ್ಟಿ, ಬೆಳಕು ಹರಿಯುವ ಮೊದಲೇ ಏರಿ ಕುಳಿತುಕೊಳ್ಳುತ್ತಾನೆ. ಅವನ ಮೊದಲ ಶತ್ರು ಗಾಳಿ. ಜಿಂಕೆ ಕಣ್ಣನ್ನು ನಂಬದಿರಬಹುದು, ಕಿವಿಯನ್ನು ನಂಬದಿರಬಹುದು, ಮೂಗನ್ನು ಮಾತ್ರ ನಂಬದೆ ಇರದು. ಆದ್ದರಿಂದ ಜಿಂಕೆ ಬರುವ ದಾರಿಯಿಂದ ತನ್ನ ಕಡೆಗೆ ಗಾಳಿ ಬೀಸುವಂತೆ ಅವನು ಜಾಗ ಆರಿಸುತ್ತಾನೆ. ಬೆಟ್ಟದ ಸೀಮೆಯಲ್ಲಿ ಇನ್ನೊಂದು ಲೆಕ್ಕವೂ ಉಂಟು: ಬೆಳಗಿನ ಬಿಸಿಲೇರಿದಂತೆ ಗಾಳಿ ಇಳಿಜಾರನ್ನು ಹತ್ತುತ್ತದೆ, ಸಂಜೆ ತಣ್ಣಗಾದಂತೆ ಹಳ್ಳದ ಕಡೆಗೆ ಇಳಿಯುತ್ತದೆ. ಆದುದರಿಂದ ಬೆಳಗಿನ ಅಟ್ಟಣೆ ಮೇಲೆ, ಸಂಜೆಯದು ಕೆಳಗೆ. ಬೆಟ್ಟದಲ್ಲಿ ಹೊಗೆಯೆದ್ದು ಸಾಗುವುದನ್ನು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ.

ಋತು ಮುಂದುವರಿದಂತೆ ತಂತ್ರವೂ ಬದಲಾಗುತ್ತದೆ. ಶರದೃತುವಿನ ಆರಂಭದಲ್ಲಿ ಜಿಂಕೆ ಇನ್ನೂ ಹೊಟ್ಟೆಯ ದಾಸ. ಮಲಗುವ ಪೊದೆಯಿಂದ ಓಕ್ ಕಾಯಿ ಉದುರುವ ತೋಪಿಗೆ, ಜೋಳದ ಹೊಲಕ್ಕೆ ಹೊತ್ತು ತಪ್ಪದೆ ಹೋಗಿಬರುತ್ತದೆ. ಆಗ ಸಂಜೆ ಹೊಲದಂಚಿನಲ್ಲಿ ಕಾದರೆ ಸಾಕು. ಅಕ್ಟೋಬರ್ ಕೊನೆಗೆ ಸುಲಿದ ಮರ ಮತ್ತು ಕೆದರಿದ ನೆಲ ಸಾಲಾಗಿ ಕಂಡಲ್ಲಿ ಕಾಯಬೇಕು. ನವೆಂಬರ್ ಮೊದಲ ವಾರಗಳಲ್ಲಿ ಗಂಡು ಎಲ್ಲಿಯೂ ನಿಲ್ಲದು. ಆಗ ಅನುಭವಿಗಳು ಹೇಳುವ ಸೂತ್ರ, ಗಂಡನ್ನು ಹುಡುಕಬೇಡ, ಹೆಣ್ಣುಗಳಿರುವ ಜಾಗವನ್ನು ಹುಡುಕು ಎಂಬುದು. ಎರಡು ಕಾಡುತುಂಡುಗಳನ್ನು ಕೂಡಿಸುವ ಕಿರಿದಾದ ಪೊದೆಸಾಲು, ಹಳ್ಳ ದಾಟುವ ಕಡವು, ಗುಡ್ಡದ ನಡುವಿನ ತಗ್ಗು ಇಂಥಲ್ಲಿ ದಿನವಿಡೀ ಕುಳಿತಿರಬೇಕು. ನಡುಮಧ್ಯಾಹ್ನವೂ ಗಂಡು ಹಾದುಹೋಗಬಹುದು. ಬೆದೆಯ ತುದಿ ಬಂದಾಗ ಕಾಡು ತಟ್ಟನೆ ಬರಿದಾದಂತೆ ತೋರುತ್ತದೆ. ಗಂಡುಗಳೆಲ್ಲ ಒಂದೊಂದು ಹೆಣ್ಣಿನೊಡನೆ ಪೊದೆ ಸೇರಿರುತ್ತವೆ. ಹೊಸಬರು ಬೇಸತ್ತು ಮನೆಗೆ ಹೋಗುವುದು ಆಗಲೇ. ಬೆದೆ ಇಳಿದ ಮೇಲೆ ಬಳಲಿದ ಗಂಡು ಮತ್ತೆ ಮೇವಿನ ಜಾಗಕ್ಕೇ ಮರಳುತ್ತದೆ, ಬೇಟೆಗಾರನೂ ಮರಳುತ್ತಾನೆ.

ಕರೆದು ಬರಿಸುವ ವಿದ್ಯೆಯೂ ಉಂಟು. ಒಂದು ಜೊತೆ ಹಳೆಯ ಕೊಂಬುಗಳನ್ನು ತಾಕಿಸಿ ಕಾದಾಟದ ಸದ್ದು ಮಾಡುತ್ತಾರೆ. ಕೊಳವೆಯೂದಿ ಗಂಡಿನ ಗೊರಗು ದನಿಯನ್ನು ಅನುಕರಿಸುತ್ತಾರೆ. ಎದುರಾಳಿ ಬಂದನೆಂದು ತಿಳಿದ ಗಂಡು ನೋಡಲು ಬರುತ್ತದೆ. ಹಿಂದೆ ಜಿಂಕೆಯ ಮೂತ್ರವನ್ನೇ ಶೀಸೆಯಲ್ಲಿ ತುಂಬಿ ಮಾರುತ್ತಿದ್ದರು. ಜಿಂಕೆಗಳ ಮಿದುಳನ್ನು ಕ್ಷಯಿಸಿ ಕೊಲ್ಲುವ, ಮದ್ದಿಲ್ಲದ ರೋಗವೊಂದು 1967ರಲ್ಲಿ ಕೊಲರಾಡೊದ ಸಂಶೋಧನಾ ಕೇಂದ್ರವೊಂದರಲ್ಲಿ ಮೊದಲು ಕಾಣಿಸಿಕೊಂಡು ಈಗ 30ಕ್ಕೂ ಹೆಚ್ಚು ರಾಜ್ಯಗಳಿಗೆ ಹಬ್ಬಿದೆ. ಅದನ್ನು ಹರಡೀತೆಂಬ ಭಯದಿಂದ ಹಲವು ರಾಜ್ಯಗಳು ಇಂಥ ಮೂತ್ರದ ಬಳಕೆಯನ್ನು ನಿಷೇಧಿಸಿವೆ.

ಕೊನೆಯ ಪಾಠ, ಹೊಡೆಯದಿರುವುದು. ಭುಜದ ಹಿಂದೆ, ಶ್ವಾಸಕೋಶದ ಮೇಲೆ ನೇರ ಗುರಿ ಸಿಗದಿದ್ದರೆ ಬಾಣ ಬಿಡಬಾರದು. ಬಿಟ್ಟ ಮೇಲೆ ತಕ್ಷಣ ಹಿಂದೆ ಓಡಬಾರದು. ಅರ್ಧ ಗಂಟೆಯಾದರೂ ಕಾದು, ರಕ್ತದ ಹನಿ ಹಿಡಿದು ಹೋಗಬೇಕು. ಗಾಯಗೊಂಡ ಪ್ರಾಣಿಯನ್ನು ಕಾಡಿನಲ್ಲಿ ಬಿಟ್ಟು ಬರುವವನನ್ನು ಒಳ್ಳೆಯ ಬೇಟೆಗಾರರು ತಮ್ಮವನೆಂದು ಒಪ್ಪುವುದಿಲ್ಲ.

ಅಟ್ಟಣೆಯ ಸುತ್ತ ಕಾನೂನಿನ ಬೇಲಿ

ಇಷ್ಟನ್ನು ಓದಿದ ಮಕ್ಕಳು, ಅಮೆರಿಕದಲ್ಲಿ ಯಾರು ಬೇಕಾದರೂ ಕೋವಿ ಹಿಡಿದು ಕಾಡು ಹೊಗಬಹುದೆಂದು ಭಾವಿಸಬಾರದು. ಅಲ್ಲಿ ಬೇಟೆಯ ಪ್ರತಿಯೊಂದು ಹೆಜ್ಜೆಗೂ ನಿಯಮವಿದೆ. ಬೇಟೆಗಾರ ಸಾಮಾನ್ಯವಾಗಿ ಮೊದಲು ಸುರಕ್ಷತೆಯ ಪಾಠ ಕಲಿತು ಪ್ರಮಾಣಪತ್ರ ಪಡೆಯಬೇಕು. ಹಣ ತೆತ್ತು ಪರವಾನಗಿ ಪಡೆಯಬೇಕು. ಎಷ್ಟು ಜಿಂಕೆ, ಗಂಡೋ ಹೆಣ್ಣೋ, ಯಾವ ವಲಯದಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ, ಬಿಲ್ಲಿನಿಂದಲೋ ಬಂದೂಕಿನಿಂದಲೋ ಎಂಬುದನ್ನು ರಾಜ್ಯವೇ ಪ್ರತಿವರ್ಷ ಗೊತ್ತುಪಡಿಸುತ್ತದೆ. ವಿಸ್ಕಾನ್ಸಿನ್ ರಾಜ್ಯದ ಮುಖ್ಯ ಬಂದೂಕಿನ ಬೇಟೆ ನವೆಂಬರಿನಲ್ಲಿ 9 ದಿನ ಮಾತ್ರ. ರಾತ್ರಿ ದೀಪ ಹಾಯಿಸಿ ಕಣ್ಣು ಕೋರೈಸಿ ಹೊಡೆಯುವುದು ಅಪರಾಧ. ಬಂದೂಕಿನ ಕಾಲದಲ್ಲಿ ಇತರರಿಗೆ ಕಾಣುವಂತೆ ಉಜ್ವಲ ಕಿತ್ತಳೆ ಬಣ್ಣದ ಉಡುಪು ತೊಡಬೇಕೆಂಬುದು ಬಹುತೇಕ ರಾಜ್ಯಗಳ ನಿಯಮ. ಹೊಡೆದ ಜಿಂಕೆಯನ್ನು ಸರಕಾರಕ್ಕೆ ವರದಿ ಮಾಡಬೇಕು. ಬೇಟೆಯ ಮಾಂಸವನ್ನು ಉಣ್ಣಬಹುದು, ಹಂಚಬಹುದು, ಮಾರುವಂತಿಲ್ಲ.

ಮಾರುವಂತಿಲ್ಲ ಎಂಬ ನಿಯಮದ ಹಿಂದೆ ಕಹಿಯಾದ ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಾಂಸ ಮತ್ತು ಚರ್ಮದ ವ್ಯಾಪಾರಕ್ಕಾಗಿ ವರ್ಷವಿಡೀ ನಡೆದ ಕೊಲೆಯಿಂದ, 1900ರ ಹೊತ್ತಿಗೆ ಆ ದೇಶದಲ್ಲಿ ಬಿಳಿಬಾಲದ ಜಿಂಕೆಗಳು 5 ಲಕ್ಷದಷ್ಟೋ ಅದಕ್ಕಿಂತ ಕಡಿಮೆಯೋ ಉಳಿದಿದ್ದವೆಂದು ಅಂದಾಜು. 1896ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಗೀರ್ ವಿರುದ್ಧ ಕನೆಕ್ಟಿಕಟ್ ಎಂಬ ಮೊಕದ್ದಮೆಯಲ್ಲಿ, ವನ್ಯಪ್ರಾಣಿಗಳು ಯಾರ ಖಾಸಗಿ ಆಸ್ತಿಯೂ ಅಲ್ಲ, ಜನರೆಲ್ಲರ ಪರವಾಗಿ ರಾಜ್ಯದ ವಶದಲ್ಲಿರತಕ್ಕವು ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ರಾಜ್ಯದ ಒಡೆತನವೆಂಬ ಆ ತೀರ್ಪಿನ ತಳಹದಿಯನ್ನು 1979ರಲ್ಲಿ ಅದೇ ನ್ಯಾಯಾಲಯ ತಳ್ಳಿಹಾಕಿದರೂ, ವನ್ಯಜೀವಿಯನ್ನು ಕಾಪಾಡುವ ಅಧಿಕಾರ ರಾಜ್ಯಗಳ ಕೈಯಲ್ಲೇ ಉಳಿದಿದೆ. 1900ರ ಲೇಸಿ ಕಾಯಿದೆ, ಕಾನೂನುಬಾಹಿರವಾಗಿ ಕೊಂದ ಪ್ರಾಣಿಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ತಡೆಯಿತು. 1937ರ ಪಿಟ್‌ಮನ್ ರಾಬರ್ಟ್‌ಸನ್ ಕಾಯಿದೆಯ ಪ್ರಕಾರ ಕೋವಿ ಮತ್ತು ಮದ್ದುಗುಂಡುಗಳ ಮೇಲಿನ ಶೇಕಡ 10ರಿಂದ 11ರಷ್ಟು ತೆರಿಗೆ ವನ್ಯಜೀವಿಗಳ ರಕ್ಷಣೆಗೇ ಹೋಗುತ್ತದೆ. ಇಂದು ಅಲ್ಲಿ ಸುಮಾರು 3 ಕೋಟಿ ಬಿಳಿಬಾಲದ ಜಿಂಕೆಗಳಿವೆಯೆಂದು ಅಂದಾಜು.

ಸಂಖ್ಯೆ ಇಷ್ಟು ಬೆಳೆದದ್ದಕ್ಕೆ ಇನ್ನೊಂದು ಕಾರಣವನ್ನೂ ಮರೆಯಬಾರದು. ಜಿಂಕೆಯನ್ನು ತಿನ್ನುತ್ತಿದ್ದ ತೋಳ ಮತ್ತು ಪ್ಯೂಮಾಗಳನ್ನು ಅಮೆರಿಕದ ಪೂರ್ವಾರ್ಧದ ಬಹುಭಾಗದಲ್ಲಿ ಮನುಷ್ಯರು ಅಳಿಸಿಬಿಟ್ಟಿದ್ದರು. ಇಂದು ಅಲ್ಲಿಯ ಬೇಟೆಗಾರ ಕುಳಿತಿರುವುದು ತೋಳದ ಖಾಲಿ ಜಾಗದಲ್ಲಿ. ಅವನು ಕುಳಿತುಕೊಳ್ಳದಿದ್ದರೆ ಕಾಡಿನ ಎಳೆಸಸಿಗಳನ್ನೂ ರೈತರ ಹೊಲವನ್ನೂ ಜಿಂಕೆಗಳೇ ಮೇದು ಮುಗಿಸುತ್ತವೆ. ಶಾಲೆಯ ರಜೆಯ ಹಿಂದಿರುವ ಲೆಕ್ಕಾಚಾರ ಇದು.

ಕಿಂದಮನ ವಾದ

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಪ್ರಾಣಿ ಮೈಮರೆತಿರುವ ಹೊತ್ತನ್ನೇ ನೋಡಿ ಹೊಡೆಯುವುದು ಧರ್ಮವೇ? ಈ ಪ್ರಶ್ನೆಯನ್ನು ಅಮೆರಿಕದವರಿಗಿಂತ ಬಹಳ ಮೊದಲು ನಮ್ಮ ಮಹಾಭಾರತವೇ ಕೇಳಿದೆ. ಆದಿಪರ್ವದ ಆ ಕಥೆಯನ್ನು ಅಜ್ಜಿಯರ ಬಾಯಿಂದ ಕೇಳದ ಮನೆ ನಮ್ಮಲ್ಲಿ ವಿರಳ. ಮೃಗಯೆಗೆ ಹೋದ ಪಾಂಡುರಾಜ ಹೆಣ್ಣಿನೊಡನೆ ಕೂಡಿದ್ದ ಜಿಂಕೆಯೊಂದನ್ನು ಬಾಣಗಳಿಂದ ಹೊಡೆದ. ಅದು ಜಿಂಕೆಯ ರೂಪ ತಾಳಿದ್ದ ಕಿಂದಮನೆಂಬ ಮುನಿ.

ವಕೀಲನಾಗಿ ಆ ಸಂವಾದವನ್ನು ಓದಿದಾಗಲೆಲ್ಲ ನನಗೆ ಅದು ನ್ಯಾಯಾಲಯದ ವಾದದಂತೆ ಕಾಣುತ್ತದೆ. ಜಿಂಕೆ ಬೇಟೆ ಅರಸನ ಧರ್ಮ, ಅಗಸ್ತ್ಯನಂಥ ಋಷಿಯೂ ಬೇಟೆಯಾಡಿದ್ದಾನೆ ಎಂದು ಪಾಂಡು ಪೂರ್ವನಿದರ್ಶನ ಮುಂದಿಡುತ್ತಾನೆ. ಕಿಂದಮ ಅದನ್ನು ಅಲ್ಲಗಳೆಯುವುದಿಲ್ಲ. ಜಿಂಕೆಯನ್ನು ಕೊಂದದ್ದಕ್ಕೆ ನಿನ್ನನ್ನು ದೂರುತ್ತಿಲ್ಲ. ಕೂಟ ಮುಗಿಯುವವರೆಗೆ ನೀನು ಕಾಯಬೇಕಾಗಿತ್ತು ಎಂಬುದೇ ಅವನ ವಾದ. ಅವನ ಆಕ್ಷೇಪ ಬೇಟೆಯ ಮೇಲಲ್ಲ, ಬೇಟೆಯ ಹೊತ್ತಿನ ಮೇಲೆ. ಬೇಟೆಗೂ ಒಂದು ಪಂಚಾಂಗವಿದೆ, ಅದರಲ್ಲಿ ನಿಷಿದ್ಧ ಕಾಲವಿದೆ ಎಂದು ಹೇಳಿದ ಹಳೆಯ ಮಾತುಗಳಲ್ಲಿ ಇದೂ ಒಂದು.

ಅಮೆರಿಕದ ಕೆಲವು ರಾಜ್ಯಗಳು ತಿಳಿಯದೆಯೇ ಕಿಂದಮನ ಕಡೆಗೆ ವಾಲಿವೆ. ಅಯೋವಾದಲ್ಲಿ ಬಂದೂಕಿನ ಮುಖ್ಯ ಬೇಟೆ ತೆರೆಯುವುದು ಡಿಸೆಂಬರಿನಲ್ಲಿ, ಬೆದೆಯ ತುದಿ ದಾಟಿದ ಮೇಲೆ. ನವೆಂಬರಿನ ಆ ದಿನಗಳಲ್ಲಿ ಸಾಮಾನ್ಯವಾಗಿ ಬಿಲ್ಲಿಗೆ ಮಾತ್ರ ಅವಕಾಶ. ಪೆನ್ಸಿಲ್ವೇನಿಯಾದ ಬಂದೂಕಿನ ಬೇಟೆಯೂ ನವೆಂಬರ್ ಕೊನೆಗೆ ಆರಂಭವಾಗುತ್ತದೆ. ದೂರದಿಂದ ಕೊಲ್ಲುವ ಬಂದೂಕು ಮತ್ತು ಮೈಮರೆತ ಗಂಡು ಒಂದೇ ವಾರದಲ್ಲಿ ಎದುರಾದರೆ ಬಲಿತ ಗಂಡುಗಳು ಮಿತಿಮೀರಿ ಸಾಯುತ್ತವೆ. ಆದರೆ ಎಲ್ಲ ರಾಜ್ಯಗಳೂ ಹೀಗಿಲ್ಲ; ಬೆದೆಯ ದಿನಗಳಲ್ಲೇ ಬಂದೂಕಿಗೆ ಅನುಮತಿ ನೀಡುವ ರಾಜ್ಯಗಳೂ ಇವೆ.

ನಮ್ಮ ಕಾನೂನಿನಿಂದ ಅಳಿಸಿದ ಪುಟ

ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಆರಂಭದಲ್ಲಿ ಬೇಟೆಯನ್ನು ಪೂರ್ಣವಾಗಿ ನಿಷೇಧಿಸಿರಲಿಲ್ಲ ಎಂಬುದು ಅನೇಕರಿಗೆ ತಿಳಿಯದು. ಪರವಾನಗಿ ಪಡೆದು ಕೆಲವು ಪ್ರಾಣಿಗಳನ್ನು ಬೇಟೆಯಾಡಬಹುದಾಗಿತ್ತು. ಅದರ 15ನೆಯ ಕಲಮು ವಿಶೇಷ ಅನುಮತಿಯಿಲ್ಲದೆ ಮರಿಯನ್ನೂ ಹೆಣ್ಣನ್ನೂ ಎಳೆತೊಗಲಿನ ಕೊಂಬಿರುವ ಜಿಂಕೆಯನ್ನೂ ಹೊಡೆಯಬಾರದೆಂದಿತ್ತು. 16ನೆಯ ಕಲಮು ಬೇಟೆಗೆ ನಿಷಿದ್ಧವಾದ ಕಾಲವನ್ನು ಘೋಷಿಸುವ ಅಧಿಕಾರವನ್ನು ರಾಜ್ಯ ಸರಕಾರಗಳಿಗೆ ಕೊಟ್ಟಿತ್ತು. ಅಂದರೆ ನಮ್ಮಲ್ಲಿಯೂ ಪಂಚಾಂಗವಿತ್ತು. 1991ರ ತಿದ್ದುಪಡಿ ಆ ಪುಟವನ್ನೇ ತೆಗೆದುಹಾಕಿತು. ಅಲ್ಲಿಂದೀಚೆಗೆ ಮನುಷ್ಯರ ಪ್ರಾಣಕ್ಕೆ ಅಪಾಯ, ಗುಣವಾಗದ ರೋಗ ಮುಂತಾಗಿ ಕಾಯಿದೆಯೇ ಹೇಳಿರುವ ಕೆಲವು ಸಂದರ್ಭಗಳನ್ನು ಬಿಟ್ಟರೆ ವರ್ಷವೆಲ್ಲ ನಿಷಿದ್ಧ ಕಾಲವೇ.

ಇದಕ್ಕೆ ಜಿಂಕೆಯ ದೇಹವೂ ಒಂದು ಸಮರ್ಥನೆ ಒದಗಿಸುತ್ತದೆ. ನಮ್ಮ ದಕ್ಷಿಣದ ಕಾಡುಗಳಲ್ಲಿ ಹಗಲಿನ ಉದ್ದ ಅಷ್ಟಾಗಿ ಬದಲಾಗದು. ಕೊಲ್ಲುವ ಹಿಮವೂ ಇಲ್ಲ. ಚುಕ್ಕೆ ಜಿಂಕೆಯ ಬೆದೆ ಬೇಸಗೆಯ ಸುಮಾರಿಗೆ ಹೆಚ್ಚಾದರೂ, ವರ್ಷದ ಯಾವ ತಿಂಗಳಲ್ಲಾದರೂ ಗಟ್ಟಿ ಕೊಂಬಿನ ಗಂಡು, ಎಳೆಗೊಂಬಿನ ಗಂಡು, ಗರ್ಭಿಣಿ ಹೆಣ್ಣು, ಎಳೆಮರಿ ಎಲ್ಲವೂ ಒಂದೇ ಹಿಂಡಿನಲ್ಲಿ ಕಾಣಸಿಗಬಹುದು. ಇಂಥ ಪ್ರಾಣಿಗೆ ಯಾವ ತಿಂಗಳನ್ನು ನಿಷಿದ್ಧವೆನ್ನೋಣ, ಯಾವುದನ್ನು ಬಿಡೋಣ? ಇದೇ ಚುಕ್ಕೆ ಜಿಂಕೆಯನ್ನು 1930ರ ದಶಕದಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯಕ್ಕೆ ಒಯ್ದರು. ಅಲ್ಲಿ ಬಿಳಿಬಾಲದ ಜಿಂಕೆಗೆ ಕಟ್ಟುನಿಟ್ಟಿನ ಬೇಟೆಯ ಕಾಲವಿದೆ. ಹೊರಗಿನಿಂದ ಬಂದ ನಮ್ಮ ಜಿಂಕೆಗೆ ನಿಷಿದ್ಧ ಕಾಲವೆಂಬುದೇ ಇಲ್ಲ, ಪರವಾನಗಿಯಿರುವವನು ವರ್ಷವಿಡೀ ಹೊಡೆಯಬಹುದು. ಒಂದೇ ಪ್ರಾಣಿ: ಅಲ್ಲಿ ಪರದೇಶಿ, ಇಲ್ಲಿ ಕಾಡಿನ ಹಕ್ಕುದಾರ.

ಹಕ್ಕುದಾರ ಎಂಬ ಮಾತನ್ನು ಬರಿಯ ಅಲಂಕಾರಕ್ಕೆ ಹೇಳುತ್ತಿಲ್ಲ. ತಾಳವಾಡಿಯ ಸುತ್ತಲಿನ ಕಾಡು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಇಲ್ಲಿ ಹುಲಿ, ಚಿರತೆ, ಕಾಡುನಾಯಿಗಳು ಇನ್ನೂ ತಮ್ಮ ಜಾಗದಲ್ಲಿವೆ. ಅವುಗಳ ಆಹಾರ ಚುಕ್ಕೆ ಜಿಂಕೆ ಮತ್ತು ಕಡವೆ. ಅಮೆರಿಕದಲ್ಲಿ ತೋಳದ ಜಾಗ ಖಾಲಿಯಾಗಿತ್ತು, ಬೇಟೆಗಾರ ಕುಳಿತ. ಇಲ್ಲಿ ಜಾಗ ಖಾಲಿಯಿಲ್ಲ. ಕಾಡಿನ ಜಿಂಕೆ ಕಡಿಮೆಯಾದರೆ ಹಸಿದ ಚಿರತೆ ಬರುವುದು ನಮ್ಮ ಕೊಟ್ಟಿಗೆಗೆ. ನನ್ನ ಕಕ್ಷಿದಾರರ ಪ್ರಶ್ನೆಗೆ ಉತ್ತರದ ತಿರುಳು ಇಷ್ಟೇ.

ಮನೆಮನೆಯಲ್ಲಿ ತಿಳಿದಿರಬೇಕಾದದ್ದು

ಕಾಡಂಚಿನ ಕುಟುಂಬಗಳು ಕೆಲವು ಸಂಗತಿಗಳನ್ನು ಸ್ಪಷ್ಟವಾಗಿ ತಿಳಿದಿರಬೇಕು. ಕಾಯಿದೆಯ ದೃಷ್ಟಿಯಲ್ಲಿ ಬೇಟೆಯೆಂದರೆ ಕೋವಿಯಿಂದ ಹೊಡೆಯುವುದಷ್ಟೇ ಅಲ್ಲ. ಉರುಲು ಹಾಕುವುದು, ಬಲೆ ಒಡ್ಡುವುದು, ವಿಷವಿಡುವುದು, ಆಮಿಷವೊಡ್ಡುವುದು, ಇವುಗಳ ಪ್ರಯತ್ನವೂ ಬೇಟೆಯೇ. ನಮ್ಮದೇ ಪಟ್ಟಾ ಹೊಲದಲ್ಲಿ ಹಾಕಿದರೂ ಅಪರಾಧ ತಪ್ಪದು. ಹಂದಿಗೆಂದು ಹಾಕಿದ್ದೆ ಎಂಬ ಮಾತು ಜಿಂಕೆಯ ಸಾವಿನ ಹೊಣೆಯಿಂದ ನಮ್ಮನ್ನು ಬಿಡಿಸದು. ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಮೊದಲ ಅನುಸೂಚಿಯ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕಾಗಲಿ ಅಭಯಾರಣ್ಯದೊಳಗಿನ ಬೇಟೆಗಾಗಲಿ 3ಕ್ಕೆ ಕಡಿಮೆಯಿಲ್ಲದಂತೆ 7 ವರ್ಷದವರೆಗೆ ಸೆರೆಯುಂಟು. ಮಾಂಸವೋ ಕೊಂಬೋ ಒಬ್ಬರ ವಶದಲ್ಲಿ ಸಿಕ್ಕಿದೆಯೆಂದು ಸಾಬೀತಾದರೆ, ಅದು ಕಾನೂನುಬದ್ಧವೆಂದು ತೋರಿಸುವ ಹೊಣೆ ಆ ವ್ಯಕ್ತಿಯದೇ.

ಬೇಟೆಯಾದ ಪ್ರಾಣಿ, ಸತ್ತು ಸಿಕ್ಕಿದ ಪ್ರಾಣಿ ಎರಡೂ ಸರಕಾರದ ಸ್ವತ್ತು. ಘಾಟಿಯ ರಸ್ತೆಯಲ್ಲಿ ವಾಹನ ಬಡಿದು ಸತ್ತ ಜಿಂಕೆಯ ಮಾಂಸವನ್ನು ಪಾಲು ಹಾಕಿಕೊಳ್ಳುವಂತಿಲ್ಲ; ಯಾವ ರೀತಿಯಲ್ಲಾದರೂ ಕೈಗೆ ಬಂದ ಇಂಥ ವಸ್ತುವನ್ನು 48 ಗಂಟೆಗಳೊಳಗೆ ಸಮೀಪದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ಕಾಡಿನಲ್ಲಿ ಉದುರಿ ಬಿದ್ದ ಕೊಂಬನ್ನು ಮಕ್ಕಳು ಆಟಕ್ಕೆಂದು ಮನೆಗೆ ತರದಂತೆ ನೋಡಿಕೊಳ್ಳಿ. ಬೆಳೆ ಹಾನಿಯಾದರೆ ಚಿತ್ರ ತೆಗೆದು ತಡಮಾಡದೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಪರಿಹಾರ ತಡವಾಗಿ ಬರುತ್ತದೆ, ಸಾಲದಷ್ಟು ಬರುತ್ತದೆ ಎಂಬ ದೂರು ನ್ಯಾಯವಾದದ್ದೇ. ಕಾಡನ್ನು ಉಳಿಸುವ ಭಾರವನ್ನು ಊರೆಲ್ಲ ಹೊರಬೇಕಾಗಿರುವಾಗ ಅದು ಕಾಡಂಚಿನ ರಾಗಿ ಹೊಲದ ಮೇಲೆಯೇ ಬೀಳುವುದು ಅನ್ಯಾಯ. ಆ ಅನ್ಯಾಯವನ್ನು ಅರ್ಜಿಯಿಂದ, ಸಂಘಟನೆಯಿಂದ, ಬೇಕಾದರೆ ನ್ಯಾಯಾಲಯದಿಂದ ಎದುರಿಸೋಣ, ತಂತಿಯಿಂದ ಬೇಡ.

ಏಕೆಂದರೆ ತಂತಿಗೆ ಪಂಚಾಂಗ ತಿಳಿಯದು. ಅಟ್ಟಣೆಯ ಮೇಲೆ ಕುಳಿತ ಬೇಟೆಗಾರ ಗಂಡೋ ಹೆಣ್ಣೋ ನೋಡಬಲ್ಲ; ಮರಿ ಜೊತೆಗಿದ್ದರೆ ಬಿಲ್ಲು ಇಳಿಸಬಲ್ಲ. ಪಾಂಡುರಾಜನೂ ಕಾಯಬಹುದಾಗಿತ್ತು, ಕಾಯಲಿಲ್ಲ. ಅದಕ್ಕಾಗಿಯೇ ಅವನಿಗೆ ಶಾಪ. ಉರುಲಿಗೆ ಕಾಯುವ ಶಕ್ತಿಯೇ ಇಲ್ಲ. ಬಂದದ್ದನ್ನು ಹಿಡಿಯುತ್ತದೆ: ಹಂದಿಯನ್ನು, ಜಿಂಕೆಯನ್ನು, ಚಿರತೆಯನ್ನು, ನಮ್ಮದೇ ಹಸುವಿನ ಕರುವನ್ನು.

ನನ್ನ ಕಕ್ಷಿದಾರರ ಮೊಕದ್ದಮೆ ಇನ್ನೂ ಮುಗಿದಿಲ್ಲ. ಅದರ ಕಾಗದಪತ್ರಗಳಲ್ಲಿ ಪಶುವೈದ್ಯರ ಮರಣೋತ್ತರ ಪರೀಕ್ಷೆಯ ವರದಿಯೂ ಇದೆ. ಸತ್ತದ್ದು ಹೆಣ್ಣು, ಹೊಟ್ಟೆಯಲ್ಲಿ ಮರಿಯಿತ್ತು. ಆ ಸಾಲನ್ನು ನಾನು ಅವರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಮುಂದಿನ ವಾಯಿದೆಗೆ ಬಂದಾಗ, ಊರಿನ ಬೇಲಿಗಳಲ್ಲಿದ್ದ ತಂತಿಗಳನ್ನು ತಾವೂ ಮಗನೂ ಕೂಡಿ ಬಿಚ್ಚಿಸಿದೆವೆಂದು ತಿಳಿಸಿದರು. ನಾಲ್ಕು ಮನೆಯವರು ಒಪ್ಪಿದರಂತೆ. ಇಬ್ಬರು ಇನ್ನೂ ಒಪ್ಪಿಲ್ಲವಂತೆ. ಆ ಇಬ್ಬರಿಗೆ ಓದಿ ಹೇಳಲು ಈ ಪುಟವನ್ನು ಹುಡುಗನ ಕೈಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ.